ಮಣ್ಣು ಸಿಗದ ದೊರೆ: ತುಲೂಸಿನ ಆರನೆಯ ರೇಮಂಡ್

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಸಲದ ಗೋಷ್ಠಿಯಲ್ಲಿ ಫ್ರಾನ್ಸ್ ದೇಶದ ಹಳೆಯ ಕಾಲದ ಒಬ್ಬ ಮಾಂಡಲಿಕನ ವಿಷಯ ಹೇಳುತ್ತೇನೆ ಎಂದಾಗ ಹಿರಿಯರೊಬ್ಬರು, "ಅಷ್ಟು ದೂರ ಯಾಕ ಹೊಂಟೀರಿ?" ಎಂದು ಕೇಳಿದರು. ಕೇಳಬೇಕಾದ ಮಾತೇ. ಆದರೆ ಈ ದೊರೆಯ ಮುಂದೆ ಬಂದು ನಿಂತ ಪ್ರಶ್ನೆ ಯಾವ ಒಂದು ದೇಶಕ್ಕೂ ಸೇರಿದ್ದಲ್ಲ. ಅವನ ಪ್ರಜೆಗಳಲ್ಲಿ ಹಲವರು ಅವನ ಮತದವರಲ್ಲ. ಕಳ್ಳರೂ ಅಲ್ಲ, ಕೊಲೆಗಡುಕರೂ ಅಲ್ಲ. ದುಡಿದು ಉಣ್ಣುವ ಜನ. ಇವರನ್ನು ನಾಡಿನಿಂದ ಹೊರಹಾಕು, ಹಾಕದಿದ್ದರೆ ನಿನ್ನನ್ನೇ ಹೊರಹಾಕುತ್ತೇವೆ ಎಂದು ಒಂದು ದೊಡ್ಡ ಪೀಠ ಅಪ್ಪಣೆ ಮಾಡಿದರೆ ಅರಸನಾದವನು ಏನು ಮಾಡಬೇಕು? ಆ ಅರಸ ಶೂರನಾಗಿರಲಿಲ್ಲ, ಸಂತನಂತೂ ಅಲ್ಲವೇ ಅಲ್ಲ. ಐದು ಮದುವೆ ಮಾಡಿಕೊಂಡವನು, ಕೊಟ್ಟ ಮಾತಿಗೆ ತಪ್ಪಿದವನು, ಒಮ್ಮೆ ಕ್ಷಮಿಸಲಾಗದ ತಪ್ಪನ್ನು ಮಾಡಿದವನು. ಅದನ್ನು ಮುಚ್ಚಿಟ್ಟು ಅವನನ್ನು ಹೊಗಳಲು ನಾನು ಬಂದಿಲ್ಲ.

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಗಾರೋನ್ ಎಂಬ ನದಿ ಇದೆ. ಅದರ ದಂಡೆಯ ಮೇಲೆ ತುಲೂಸ್ ಪಟ್ಟಣ. ಆ ಪಟ್ಟಣದ ಒಡೆಯನಿಗೆ 'ಕೌಂಟ್' ಎಂಬ ಬಿರುದು. ಕೌಂಟ್ ಎಂದರೆ ನಮ್ಮ ಶಾಸನಗಳಲ್ಲಿ ಬರುವ ಮಹಾಮಂಡಳೇಶ್ವರನಂಥವನು ಎಂದು ತಿಳಿದರೆ ಸಾಕು. ಹೆಸರಿಗೆ ಮೇಲೊಬ್ಬ ರಾಜ ಇರುತ್ತಾನೆ, ಅವನು ಪ್ಯಾರಿಸಿನಲ್ಲಿ ದೂರ ಇರುತ್ತಾನೆ. ನಾಡಿನೊಳಗೆ ತೆರಿಗೆ, ತೀರ್ಪು, ಯುದ್ಧ ಎಲ್ಲವೂ ಕೌಂಟನದೇ. ತುಲೂಸಿನ ಕೌಂಟರ ಆಳ್ವಿಕೆ ಗಾರೋನ್ ನದಿಯಿಂದ ಪೂರ್ವಕ್ಕೆ ರೋನ್ ನದಿಯ ಆಚೆಯವರೆಗೂ ಹಬ್ಬಿತ್ತು. ಜನರ ಮಾತು ಪ್ಯಾರಿಸಿನ ಮಾತಲ್ಲ. 'ಹೌದು' ಎನ್ನುವುದಕ್ಕೆ ಅವರು 'ಓಕ್' ಎನ್ನುತ್ತಿದ್ದರು. ಆ ಒಂದು ಶಬ್ದದಿಂದಲೇ ನಾಡಿಗೆ ಲಾಂಗ್‌ದೋಕ್, ಎಂದರೆ ಓಕ್ ನುಡಿ, ಎಂಬ ಹೆಸರು ಬಂತು. ತುಲೂಸ್ ಪಟ್ಟಣದ ವ್ಯವಹಾರವನ್ನು ಇಪ್ಪತ್ತನಾಲ್ಕು ಜನ ಪಂಚರು ನಡೆಸುತ್ತಿದ್ದರು. ಅವರಿಗೆ ಕಾನ್ಸಲ್ ಎಂದು ಹೆಸರು. 1189ರಲ್ಲಿ ಕೌಂಟನೇ ಅವರ ಅಧಿಕಾರಕ್ಕೆ ತಲೆಬಾಗಬೇಕಾಯಿತು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಮನೆತನ ದೊಡ್ಡದು. ನಮ್ಮ ಆರನೆಯ ರೇಮಂಡನ ಮುತ್ತಜ್ಜ ನಾಲ್ಕನೆಯ ರೇಮಂಡ್, ಜೆರುಸಲೇಮನ್ನು ಗೆಲ್ಲಲು 1096ರಲ್ಲಿ ಹೊರಟ ಮೊದಲ ಶಿಲುಬೆಯ ಯುದ್ಧದ ಮುಂದಾಳುಗಳಲ್ಲಿ ಒಬ್ಬ. ಮರಳಿ ಊರು ನೋಡಲಿಲ್ಲ; 1105ರಲ್ಲಿ ಟ್ರಿಪೋಲಿಯ ಹತ್ತಿರ ಅಲ್ಲಿಯೇ ತೀರಿಕೊಂಡ. ಅಲ್ಲಿಯೇ ಹುಟ್ಟಿದ ಅವನ ಮಗನಿಗೆ ಜೋರ್ಡಾನ್ ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿದ್ದರಿಂದ ಅಲ್ಫೋನ್ಸ್ ಜೋರ್ಡಾನ್ ಎಂದೇ ಹೆಸರಾಯಿತು. ಆ ಅಜ್ಜನೂ 1148ರಲ್ಲಿ ಶಿಲುಬೆಯ ಯುದ್ಧಕ್ಕೆ ಹೋಗಿ ಅದೇ ಪವಿತ್ರಭೂಮಿಯಲ್ಲಿ ಸತ್ತ. ಎರಡು ತಲೆಮಾರು ಪೋಪ್ ಅವರ ಮಾತಿಗೆ ಪ್ರಾಣ ಕೊಟ್ಟ ಮನೆ ಇದು. ಇದನ್ನು ನೆನಪಿನಲ್ಲಿಡಿ.

ತಂದೆ ಐದನೆಯ ರೇಮಂಡ್. ತಾಯಿ ಕಾನ್‌ಸ್ಟನ್ಸ್, ಫ್ರಾನ್ಸಿನ ದೊರೆ ಏಳನೆಯ ಲೂಯಿಯ ತಂಗಿ. ಮಗ ಹುಟ್ಟಿದ್ದು 1156ರಲ್ಲಿ. ಗಂಡ ಹೆಂಡತಿಗೆ ಹೊಂದಲಿಲ್ಲ. ಗಂಡನ ನಡತೆಗೆ ಬೇಸತ್ತು ಆಕೆ 1165ರ ಸುಮಾರಿಗೆ ಮನೆ ಬಿಟ್ಟು ಅಣ್ಣನ ಆಸರೆಗೆ ಪ್ಯಾರಿಸಿಗೆ ಹೋದಳು. ದೊಡ್ಡ ಮಗ ತಂದೆಯ ಬಳಿ ಉಳಿದ. ಕಿರಿಯವನು ಬಾಲ್ಡ್‌ವಿನ್ ತಾಯಿಯೊಡನೆ ಉತ್ತರದಲ್ಲಿ ಬೆಳೆದ. ಅವನ ನುಡಿ, ನಡೆ, ಗೆಳೆತನ ಎಲ್ಲ ಪ್ಯಾರಿಸಿನವರದು. ಒಂದು ಮನೆ ಹೀಗೆ ಎರಡಾಯಿತು. ಇದರ ಫಲ ಮುಂದೆ ಒಂದು ಮರದ ಕೊಂಬೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ತಂದೆ ಇನ್ನೊಂದು ಕೆಲಸ ಮಾಡಿದ. ನೆರೆಯ ಟ್ರೆಂಕಾವೆಲ್ ಮನೆತನದೊಡನೆ ಅವನಿಗೆ ಹಗೆ ಇತ್ತು. ಅವರ ಸೀಮೆಯಲ್ಲಿ ಹೊಸ ಪಂಥದವರು ಹೆಚ್ಚು. 1177ರಲ್ಲಿ ಆತ ಸಿಸ್ಟರ್ಸಿಯನ್ ಸಂನ್ಯಾಸಿಗಳ ಮಹಾಸಭೆಗೆ ಒಂದು ಕಾಗದ ಬರೆದ: ನನ್ನ ನಾಡಿನಲ್ಲಿ ಪಾಷಂಡ ಮತ ಹಬ್ಬಿದೆ, ಪಾದ್ರಿಗಳೂ ಕೆಟ್ಟಿದ್ದಾರೆ, ನನ್ನೊಬ್ಬನ ಕೈಲಿ ಇದು ಆಗದು, ಹೊರಗಿನಿಂದ ಬಂದು ಸರಿಮಾಡಿರಿ ಎಂಬ ಅರ್ಥದ ಕಾಗದ. ನೆರೆಮನೆಯವನಿಗೆ ಪೆಟ್ಟು ಬೀಳಲಿ ಎಂಬ ಆಸೆ ಅದರ ಹಿಂದೆ ಇತ್ತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಬೆಂಕಿಗೆ ಆಮಂತ್ರಣ ಕೊಟ್ಟವನು ತಂದೆ. ಬೆಂಕಿ ಮುಟ್ಟಿದ್ದು ಮೂವತ್ತು ವರ್ಷದ ಮೇಲೆ, ಮಗನ ಮನೆಗೆ.

ಯಾರು ಈ ಹೊಸ ಪಂಥದವರು? ಶತ್ರುಗಳು ಅವರನ್ನು ಕೆಥಾರರು ಎಂದರು. ಜನ 'ಒಳ್ಳೆಯವರು' ಎನ್ನುತ್ತಿದ್ದರು, ಹೆಂಗಸರಾದರೆ 'ಒಳ್ಳೆಯ ಹೆಂಗಸರು'. ಅವರು ಮಾಂಸ ತಿನ್ನುತ್ತಿರಲಿಲ್ಲ, ಮೊಟ್ಟೆ ಹಾಲು ಕೂಡ ಮುಟ್ಟುತ್ತಿರಲಿಲ್ಲ. ಮೀನು ಮಾತ್ರ ನಡೆಯುತ್ತಿತ್ತು. ಕೊಲ್ಲುತ್ತಿರಲಿಲ್ಲ, ಆಣೆ ಇಡುತ್ತಿರಲಿಲ್ಲ. ಗುಡಿ ಕಟ್ಟಲಿಲ್ಲ, ಶಿಲುಬೆಯನ್ನು ಪೂಜಿಸಲಿಲ್ಲ, ಪಾದ್ರಿಗೆ ಹತ್ತರಲ್ಲೊಂದು ಪಾಲು ಕೊಡುವುದನ್ನು ಒಪ್ಪಲಿಲ್ಲ. ತಲೆಯ ಮೇಲೆ ಕೈಯಿಟ್ಟು ಕೊಡುವ ಒಂದೇ ದೀಕ್ಷೆ ಅವರದು, ಅದು ಗಂಡಿಗೂ ಹೆಣ್ಣಿಗೂ ಸಮ. ಅವರಲ್ಲಿ ನೇಕಾರರು ಎಷ್ಟು ಮಂದಿ ಇದ್ದರೆಂದರೆ 'ನೇಕಾರರು' ಎನ್ನುವುದೇ ಅವರಿಗೊಂದು ಹೆಸರಾಯಿತು. ಅವರ ತತ್ವವೆಲ್ಲ ನಮಗೆ ಒಪ್ಪಿಗೆಯಾಗಬೇಕೆಂದೇನೂ ಇಲ್ಲ. ಈ ಲೋಕವನ್ನೂ ಈ ದೇಹವನ್ನೂ ಕೆಟ್ಟ ಶಕ್ತಿ ಸೃಷ್ಟಿಸಿತು ಎನ್ನುವವರು ಅವರು. ನನಗಂತೂ ಆ ಮಾತು ಒಗ್ಗುವುದಿಲ್ಲ. ಆದರೆ ಒಗ್ಗದ ಮಾತನ್ನಾಡುವವನು ಬದುಕಬೇಕೇ ಬೇಡವೇ ಎಂಬುದು ಬೇರೆ ಪ್ರಶ್ನೆ.

ಇನ್ನು ರೇಮಂಡನ ಸಂಸಾರ. ಮೊದಲ ಹೆಂಡತಿ ಎರ್ಮೆಸಿಂಡ್ ಮದುವೆಯಾಗಿ ನಾಲ್ಕು ವರ್ಷಕ್ಕೆ, 1176ರಲ್ಲಿ ತೀರಿಕೊಂಡಳು. ಎರಡನೆಯವಳು ಬಿಯಾಟ್ರಿಸ್, ಅದೇ ಹಗೆಯ ಟ್ರೆಂಕಾವೆಲ್ ಮನೆಯ ಮಗಳು. ಅತ್ತಲಿಂದ ಹೆಣ್ಣು ತಂದು, ಇತ್ತಲಿಂದ ತನ್ನ ತಂಗಿ ಅಡಿಲೈಡಳನ್ನು ಕೊಟ್ಟು, ಹಗೆ ಆರಿಸುವ ಲೆಕ್ಕ. ಬಿಯಾಟ್ರಿಸ್ ಒಂದು ಹೆಣ್ಣುಮಗು ಹೆತ್ತಳು. ಆಮೇಲೆ ಗಂಡನಿಂದ ಬೇರೆಯಾಗಿ ಆ 'ಒಳ್ಳೆಯ ಹೆಂಗಸರ' ನಡುವೆ ಹೋಗಿ ನೆಲೆಸಿದಳೆಂದು ಹೇಳುತ್ತಾರೆ. ಆಕೆ ತಾನಾಗಿ ಹೋದಳೋ, ಇವನು ಸಾಗಹಾಕಿದನೋ, ಕೇಳುವವರು ಯಾರು? ನಡುವೆ ಇನ್ನೊಂದು ಮದುವೆ ಆಯಿತು, ಮುರಿಯಿತು.

1196ರಲ್ಲಿ ನಾಲ್ಕನೆಯದು. ಹೆಣ್ಣು ಜೋನ್, ಇಂಗ್ಲೆಂಡಿನ ದೊರೆ ಸಿಂಹಹೃದಯ ರಿಚರ್ಡನ ತಂಗಿ, ಸಿಸಿಲಿಯ ದೊರೆಯ ವಿಧವೆ. ತುಲೂಸ್ ನಮಗೆ ಸೇರಬೇಕು ಎಂದು ಇಂಗ್ಲೆಂಡಿನವರು ಮಾಡುತ್ತಿದ್ದ ತಗಾದೆ ಈ ಮದುವೆಯಿಂದ ನಿಂತಿತು, ಆಜನೆ ಎಂಬ ಸೀಮೆ ಬಳುವಳಿಯಾಗಿ ಬಂತು. 1197ರಲ್ಲಿ ಗಂಡು ಮಗು ಹುಟ್ಟಿತು, ಅವನೇ ಮುಂದೆ ಏಳನೆಯ ರೇಮಂಡ್. ಈ ಜೋನಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1199ರಲ್ಲಿ ಬಂಡೆದ್ದ ಪಾಳೆಯಗಾರರ ಕೋಟೆಗೆ ಮುತ್ತಿಗೆ ಹಾಕಿದ್ದು ಗರ್ಭಿಣಿಯಾದ ಈ ಹೆಣ್ಣುಮಗಳೇ. ತನ್ನವರೇ ಮೋಸಮಾಡಿ ಬಿಡಾರಕ್ಕೆ ಬೆಂಕಿಯಿಟ್ಟರು. ತಪ್ಪಿಸಿಕೊಂಡು ಅಣ್ಣನ ಸಹಾಯ ಬೇಡಲು ಹೊರಟರೆ ಅಣ್ಣ ಸತ್ತ ಸುದ್ದಿ ಎದುರಾಯಿತು. ಫೋಂತೆವ್ರೋ ಎಂಬ ಮಠದಲ್ಲಿ ಸಂನ್ಯಾಸಿನಿಯ ದೀಕ್ಷೆ ಬೇಡಿ ಪಡೆದು, ಅದೇ ವರ್ಷ ಹೆರಿಗೆಯಲ್ಲಿ ಪ್ರಾಣ ಬಿಟ್ಟಳು. ಮಗನಿಗೆ ಆಗ ಎರಡು ವರ್ಷ.

ಐದನೆಯವಳು ಎಲೆನಾರ್, ಅರಗೋನ್ ದೇಶದ ದೊರೆ ಎರಡನೆಯ ಪೀಟರನ ತಂಗಿ. ಮುಂದೆ 1211ರಲ್ಲಿ ಮಗನಿಗೂ ಅದೇ ಮನೆಯ ಇನ್ನೊಬ್ಬ ತಂಗಿ ಸಾಂಚಾಳನ್ನು ತಂದರು. ಅಲ್ಲಿಗೆ ತಂದೆ ಮಗ ಷಡ್ಡಕರಾದರು! ನಗಬೇಡಿ, ಅರಮನೆಗಳಲ್ಲಿ ಮದುವೆ ಎಂದರೆ ಗಡಿ ಕಾಯುವ ಕೆಲಸ, ಹೆಣ್ಣುಮಕ್ಕಳು ಕೋಟೆಯ ಕಲ್ಲುಗಳಿದ್ದಂತೆ.

ರೇಮಂಡ್ 1194ರಲ್ಲಿ ಪಟ್ಟಕ್ಕೆ ಬಂದಾಗ ವಯಸ್ಸು ಮೂವತ್ತೆಂಟು. ಅವನು ಕೆಥಾರನಾಗಿರಲಿಲ್ಲ. ಶತ್ರುಪಕ್ಷದ ಸಂನ್ಯಾಸಿ ಬರಹಗಾರ ಅವನನ್ನು ಪಾಷಂಡಿ ಎಂದೇ ಕರೆದ. ಆದರೆ ಅವನು ಮಠಗಳಿಗೆ ದಾನ ಕೊಟ್ಟವನು, ಕಡೆಯವರೆಗೂ ತನ್ನ ಹಳೆಯ ಕ್ರೈಸ್ತ ಗುಡಿಯ ಬಾಗಿಲಿಗೇ ಹೋಗಿ ನಿಂತವನು. ಅವನ ಮೇಲಿನ ಆಪಾದನೆಗಳ ಪಟ್ಟಿ ಉದ್ದವಾಗಿತ್ತು. ಕೂಲಿ ಸೈನಿಕರನ್ನು ಸಾಕಿದ್ದಾನೆ. ಅದು ನಿಜ, ಆ ಸೈನಿಕರು ಹಳ್ಳಿಗಳನ್ನು ಸುಲಿಯುತ್ತಿದ್ದುದೂ ನಿಜ. ಯಹೂದಿಗಳಿಗೆ ಸರ್ಕಾರಿ ಹುದ್ದೆ ಕೊಟ್ಟಿದ್ದಾನೆ, ಅದೂ ನಿಜ. ಎಲ್ಲಕ್ಕಿಂತ ಮುಖ್ಯವಾಗಿ, ಪಾಷಂಡಿಗಳನ್ನು ಓಡಿಸುತ್ತಿಲ್ಲ.

ಯಾಕೆ ಓಡಿಸಲಿಲ್ಲ? ಅವನ ಬಾಯಿಂದ ಉತ್ತರ ಉಳಿದಿಲ್ಲ, ಆದರೆ ಆ ನಾಡಿನ ಒಬ್ಬ ಸರದಾರನ ಉತ್ತರ ಉಳಿದಿದೆ. ತುಲೂಸಿನ ಬಿಷಪ್ ಫುಲ್ಕ್ ಎಂಬಾತ, ಹಿಂದೆ ಪ್ರೇಮಗೀತೆ ಹಾಡಿಕೊಂಡಿದ್ದವನು, ಆಮೇಲೆ ಬೆಂಕಿಯಂಥ ಧರ್ಮಾಧಿಕಾರಿಯಾದವನು. ಅವರು ತಪ್ಪು ಹಾದಿಯವರೆಂದು ನೀವೇ ಒಪ್ಪುತ್ತೀರಲ್ಲ, ಮತ್ತೆ ಯಾಕೆ ಓಡಿಸುವುದಿಲ್ಲ ಎಂದು ಆತ ಆ ಸರದಾರನನ್ನು ಕೇಳಿದ. ಆಗುವುದಿಲ್ಲ ಸ್ವಾಮಿ, ನಾವು ಅವರ ಜೊತೆಗೇ ಬೆಳೆದವರು, ನಮ್ಮ ನೆಂಟರು ಅವರಲ್ಲಿದ್ದಾರೆ, ಅವರು ಒಳ್ಳೆಯ ಬಾಳು ಬಾಳುವುದನ್ನು ಕಣ್ಣಾರೆ ಕಾಣುತ್ತಿದ್ದೇವೆ ಎಂಬುದು ಅವನ ಉತ್ತರದ ಸಾರ. ಇದನ್ನು ಬರೆದಿಟ್ಟವನು ಬಿಷಪ್ಪನ ಕಡೆಯವನೇ. ರೇಮಂಡನ ರಾಜಕಾರಣವೆಲ್ಲ ಈ ಉತ್ತರದೊಳಗೆ ಇದೆ ಎಂದು ನನಗೆ ತೋರುತ್ತದೆ. ಅದು ಸಿದ್ಧಾಂತವಲ್ಲ. ನೆರೆಹೊರೆ.

ಮೂರನೆಯ ಇನೊಸೆಂಟ್ ಎಂಬ ಪೋಪ್ ರೋಮಿನಲ್ಲಿದ್ದ ಕಾಲ. ಆತನ ಪ್ರತಿನಿಧಿ ಪಿಯೇರ್ ದ ಕಾಸ್ತೆಲ್ನೋ 1207ರಲ್ಲಿ ರೇಮಂಡನಿಗೆ ಬಹಿಷ್ಕಾರ ಹಾಕಿದ. ಬಹಿಷ್ಕಾರ ಎಂದರೆ ಗುಡಿಯೊಳಗೆ ಕಾಲಿಡುವಂತಿಲ್ಲ, ಸತ್ತರೆ ಪವಿತ್ರ ಮಣ್ಣು ಇಲ್ಲ, ಪ್ರಜೆಗಳು ಅವನ ಮಾತು ಕೇಳಬೇಕಾಗಿಲ್ಲ. ರೇಮಂಡ್ ಮಾತು ಕೊಟ್ಟ, ತಪ್ಪಿದ, ಮತ್ತೆ ಕೊಟ್ಟ. 1208ರ ಜನವರಿಯಲ್ಲಿ ಸಾಂ ಜಿಲ್ ಎಂಬಲ್ಲಿ ಇಬ್ಬರೂ ಕೂತು ಮಾತಾಡಿ ಜಗಳದಲ್ಲೇ ಎದ್ದರು. 14ರ ಬೆಳಗ್ಗೆ ಪಿಯೇರ್ ರೋನ್ ನದಿ ದಾಟಲು ನಿಂತಾಗ ಒಬ್ಬ ಸವಾರ ಹಿಂದಿನಿಂದ ಬಂದು ಈಟಿಯಿಂದ ತಿವಿದು ಕೊಂದ. ಕೊಂದವನು ಕೌಂಟನ ಕಡೆಯವನೆಂದರು. ಕೌಂಟ್ ಹೇಳಿ ಮಾಡಿಸಿದನೆಂಬುದಕ್ಕೆ ಸಾಕ್ಷಿ ಇಲ್ಲ. ಪೋಪ್ ಸಾಕ್ಷಿಗೆ ಕಾಯಲಿಲ್ಲ. ಜೆರುಸಲೇಮಿಗೆ ಹೋದವರಿಗೆ ಸಿಗುವ ಪುಣ್ಯವೇ ತುಲೂಸಿನ ನಾಡಿನ ಮೇಲೆ ಹೋದವರಿಗೂ ಸಿಗುತ್ತದೆ, ಅಲ್ಲಿಯ ಭೂಮಿ ಗೆದ್ದವರಿಗೆ ಸೇರುತ್ತದೆ ಎಂದು ಸಾರಿದ. ಮುತ್ತಜ್ಜ ಯಾವ ಶಿಲುಬೆಯನ್ನು ಎದೆಯ ಮೇಲೆ ಹೊಲಿಸಿಕೊಂಡು ಹೋಗಿ ಸತ್ತನೋ ಅದೇ ಶಿಲುಬೆ ಮರಿಮೊಮ್ಮಗನ ಮೇಲೆ ದಂಡೆತ್ತಿ ಬಂತು.

ರೇಮಂಡ್ ಹೆದರಿದ. 1209ರ ಜೂನ್ 18ರಂದು ತನ್ನ ಮನೆತನಕ್ಕೇ ಹೆಸರು ಕೊಟ್ಟ ಸಾಂ ಜಿಲ್ ಗುಡಿಯ ಬಾಗಿಲಲ್ಲಿ ಸೊಂಟದವರೆಗೆ ಬರಿಮೈಯಲ್ಲಿ ನಿಂತ. ಪೋಪ್ ಅವರ ಹೊಸ ಪ್ರತಿನಿಧಿ ಮಿಲೋ ಅವನ ಕುತ್ತಿಗೆಗೆ ಪಟ್ಟಿ ಹಾಕಿ, ಬೆನ್ನಿಗೆ ಕೋಲಿನಿಂದ ಹೊಡೆಯುತ್ತ ಒಳಗೆ ಎಳೆದುಕೊಂಡು ಹೋದ. ನೋಡಲು ಬಂದ ಜನರ ನೂಕುನುಗ್ಗಲಿನಲ್ಲಿ ಬಂದ ದಾರಿಯಲ್ಲಿ ಹೊರಹೋಗಲು ಆಗಲಿಲ್ಲ. ಕೆಳಗಿನ ನೆಲಮಾಳಿಗೆಯ ಮೂಲಕ ಕರೆದೊಯ್ದರು. ಅಲ್ಲಿ ಪಿಯೇರನ ಸಮಾಧಿ ಇತ್ತು. ಬಾಸುಂಡೆಯ ಬೆನ್ನಿನಲ್ಲಿ ಅದರ ಪಕ್ಕದಲ್ಲೇ ನಡೆದು ಹೋಗಬೇಕಾಯಿತು. ಏಳು ಕೋಟೆಗಳನ್ನು ಒತ್ತೆ ಕೊಟ್ಟ.

ನಾಲ್ಕು ದಿನದಲ್ಲಿ ತಾನೇ ಆ ದಂಡಿಗೆ ಸೇರಿದ. ಆಗಲೇ ಹೇಳಿದೆನಲ್ಲ, ಕ್ಷಮಿಸಲಾಗದ ತಪ್ಪು ಎಂದು, ಅದು ಇದೇ. ದಂಡು ತನ್ನ ನಾಡಿನ ಮೇಲೆ ಬೀಳದಿರಲಿ ಎಂದು ಅದಕ್ಕೆ ದಾರಿ ತೋರಿಸುವವನಾದ. ದಾರಿ ಹೋದದ್ದು ಎಲ್ಲಿಗೆ? ಟ್ರೆಂಕಾವೆಲ್ ಸೀಮೆಗೆ. ಅಲ್ಲಿಯ ಒಡೆಯ ರೇಮಂಡ್ ರೋಜರ್, ಇಪ್ಪತ್ನಾಲ್ಕು ವರ್ಷದ ತರುಣ, ತಂಗಿ ಅಡಿಲೈಡಳ ಮಗ, ಸ್ವಂತ ಸೋದರಳಿಯ. ಜುಲೈ 22ರಂದು ಬೆಜಿಯೇ ಪಟ್ಟಣ ಬಿತ್ತು. ಗುಡಿಗಳಲ್ಲಿ ಅಡಗಿದ್ದವರನ್ನೂ ಬಿಡಲಿಲ್ಲ. ಕೆಥಾರರು, ಕ್ಯಾಥೊಲಿಕರು, ಕೂಸುಗಳು ಎಂಬ ಭೇದವಿಲ್ಲದೆ ಕಡಿದರು. ದಂಡಿನ ಮುಂದಾಳು, ಪೋಪ್ ಅವರ ಪ್ರತಿನಿಧಿ ಆರ್ನೋ ಅಮಾಲ್ರಿಕ್, ಸುಮಾರು 20,000 ಜನ ಸತ್ತರೆಂದು ತಾನೇ ರೋಮಿಗೆ ಬರೆದ. ಸಂಖ್ಯೆ ಹಿಗ್ಗಿಸಿದ್ದಿರಬಹುದು, ಹಿಗ್ಗಿಸಿ ಬರೆದದ್ದು ಹೆಮ್ಮೆಯಿಂದ ಎಂಬುದನ್ನು ಗಮನಿಸಿರಿ. ಸೋದರಳಿಯ ಬೆಜಿಯೇಯ ಯಹೂದಿಗಳನ್ನು ಜೊತೆಗೆ ಕರೆದುಕೊಂಡು ಮೊದಲೇ ಕಾರ್ಕಸೋನ್ ಕೋಟೆ ಸೇರಿದ್ದ. ಆಗಸ್ಟಿನಲ್ಲಿ ಅದೂ ಬಿತ್ತು. ಮಾತುಕತೆಗೆಂದು ಹೊರಬಂದವನನ್ನು ಹಿಡಿದು ಅವನದೇ ಕೋಟೆಯ ಸೆರೆಯಲ್ಲಿಟ್ಟರು. ನವೆಂಬರಿನಲ್ಲಿ ಅಲ್ಲಿಯೇ ಸತ್ತ. ಅವನ ಸೀಮೆ ಉತ್ತರದ ಸರದಾರ ಸಿಮೋನ್ ದ ಮೋಂಫೋರನ ಪಾಲಾಯಿತು. ಈ ಎಲ್ಲದಕ್ಕೂ ಸೋದರಮಾವ ಸಾಕ್ಷಿಯಾಗಿ ನಿಂತಿದ್ದ. ಬೇರೆ ದಾರಿ ಇರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ನನಗೆ ಮನಸ್ಸು ಒಪ್ಪುವುದಿಲ್ಲ.

ಅಷ್ಟು ಮಾಡಿಯೂ ಅವನು ಉಳಿಯಲಿಲ್ಲ. ಪಟ್ಟಣದ ಪಾಷಂಡಿಗಳನ್ನು ಹಿಡಿದು ಒಪ್ಪಿಸು ಎಂದರು, ಒಪ್ಪಿಸಲಿಲ್ಲ. 1211ರ ಆರಂಭದಲ್ಲಿ ಅವನ ಕೈಗೆ ಷರತ್ತುಗಳ ಒಂದು ಕಾಗದ ಕೊಟ್ಟರು. ಕೋಟೆಗಳನ್ನೆಲ್ಲ ಕೆಡವಬೇಕು. ಸರದಾರರು ಪಟ್ಟಣದಲ್ಲಿ ವಾಸಿಸದೆ ಹಳ್ಳಿಯಲ್ಲಿರಬೇಕು. ಎರಡು ಬಗೆಯ ಮಾಂಸ ಬಿಟ್ಟು ಬೇರೆ ತಿನ್ನಬಾರದು, ಒರಟು ಕಂದು ಬಟ್ಟೆ ಉಡಬೇಕು. ಕೌಂಟ್ ಕಡಲು ದಾಟಿ ಪವಿತ್ರಭೂಮಿಗೆ ಹೋಗಿ, ಬಾ ಎನ್ನುವವರೆಗೆ ಅಲ್ಲಿಯೇ ಇರಬೇಕು. ರೇಮಂಡ್ ಅದನ್ನು ಓದಿಸಿ ಕೇಳಿದ. ಹೇಳದೆ ಕೇಳದೆ ಕುದುರೆ ಹತ್ತಿ ಊರಿಗೆ ಬಂದ. ಬಂದು ಮಾಡಿದ ಕೆಲಸ ನೋಡಿ: ಆ ಕಾಗದವನ್ನು ತುಲೂಸಿನಲ್ಲಿ, ಮೊಂತೋಬಾನಿನಲ್ಲಿ, ಮೋಸಾಕಿನಲ್ಲಿ, ಆಜನಿನಲ್ಲಿ ಜನರ ಮುಂದೆ ಬಹಿರಂಗವಾಗಿ ಓದಿಸಿದ. ಸರದಾರರು, ವ್ಯಾಪಾರಿಗಳು ಕೇಳಿಸಿಕೊಂಡು, ಹೀಗೆ ಆಳಾಗಿ ಬದುಕುವುದಕ್ಕಿಂತ ಸಾಯುವುದು ಮೇಲು ಎಂದರು. ರೇಮಂಡನ ಜೀವನದಲ್ಲಿ ನನಗೆ ಹಿಡಿಸಿದ ದಿನಗಳು ಇವು. ಅವನು ಭಾಷಣ ಮಾಡಲಿಲ್ಲ, ಕತ್ತಿ ಎತ್ತಲಿಲ್ಲ. ಗುಟ್ಟಾಗಿ ಇರಬೇಕಾದ ಕಾಗದವನ್ನು ಯಾರ ಬದುಕಿಗೆ ಅದು ತಟ್ಟುತ್ತದೋ ಅವರಿಗೆ ಓದಿ ಹೇಳಿಸಿದ.

ಮತ್ತೆ ಬಹಿಷ್ಕಾರ ಬಿತ್ತು, ಯುದ್ಧ ಅವನ ಸೀಮೆಗೇ ಬಂತು. ಮೇ ತಿಂಗಳಲ್ಲಿ ಲಾವೋರ್ ಕೋಟೆ ಬಿದ್ದಾಗ ಮುನ್ನೂರಕ್ಕೂ ಹೆಚ್ಚು ಕೆಥಾರರನ್ನು ಒಟ್ಟಿಗೆ ಸುಟ್ಟರು. ಕೋಟೆಯ ಒಡತಿ ಗಿರೋಡ್ ಎಂಬ ವಿಧವೆ, ಬಾಗಿಲಿಗೆ ಬಂದವರನ್ನು ಉಣಿಸದೆ ಕಳಿಸದವಳೆಂದು ಹೆಸರಾದವಳು; ಅವಳನ್ನು ಬಾವಿಗೆ ತಳ್ಳಿ ಮೇಲೆ ಕಲ್ಲು ಹೇರಿದರು.

ಇದೇ ವರ್ಷ ತಮ್ಮ ಬಾಲ್ಡ್‌ವಿನ್ ಅಣ್ಣನನ್ನು ಬಿಟ್ಟ. ತಂದೆ ತೀರಿದ ಮೇಲೆ ಆತ ಪ್ಯಾರಿಸಿನಿಂದ ತುಲೂಸಿಗೆ ಬಂದಾಗ ಅಣ್ಣ, ನೀನು ನನ್ನ ತಮ್ಮನೆಂಬುದಕ್ಕೆ ಏನು ಗುರುತು ಎಂದು ಕೇಳಿದ್ದ. ಪಾಪ, ಹಿಂದಿರುಗಿ ಹೋಗಿ ಅಲ್ಲಿಯ ದೊಡ್ಡವರಿಂದ ಕಾಗದ ಬರೆಸಿಕೊಂಡು ಬರಬೇಕಾಯಿತು. ಆಮೇಲೂ ಅವನಿಗೆ ಸರಿಯಾದ ಪಾಲು ಕೊಡಲಿಲ್ಲ. ಮೋಂಫೆರಾನ್ ಕೋಟೆ ಕಾಯಲು ನಿಲ್ಲಿಸಿದ್ದರು. ಸಿಮೋನನಿಗೆ ಶರಣಾದವನು ಅವನ ಕಡೆಗೇ ಸೇರಿದ. 1214ರಲ್ಲಿ ರಾತ್ರಿ ಮಲಗಿದ್ದಾಗ ಹಿಡಿದು ತಂದರು. ಮೊಂತೋಬಾನಿನಲ್ಲಿ ಅಣ್ಣನ ಒಪ್ಪಿಗೆಯಿಂದಲೇ ಅಕ್ರೋಟದ ಮರಕ್ಕೆ ನೇಣು ಹಾಕಿದರು. ದ್ರೋಹಿ ಎಂದರು, ಸರಿ. ಆದರೆ ತಾಯಿ ಮನೆ ಬಿಟ್ಟ ದಿನವೇ ಆ ಮರ ನೆಟ್ಟಾಗಿತ್ತಲ್ಲವೆ? ಅನ್ಯರ ನೋವಿಗೆ ಮಿಡಿದ ಮನಸ್ಸು ಒಡಹುಟ್ಟಿದವನಿಗೆ ಮಿಡಿಯಲಿಲ್ಲ.

ಅಷ್ಟರಲ್ಲಿ ಮುರೆ ಕಾಳಗ ಆಗಿಹೋಗಿತ್ತು. ಭಾವಮೈದುನ ಪೀಟರ್ 1213ರ ಸೆಪ್ಟೆಂಬರಿನಲ್ಲಿ ದಂಡು ತಂದ. ಬಯಲಿಗೆ ಇಳಿಯುವುದು ಬೇಡ, ಬಿಡಾರಕ್ಕೆ ಬೇಲಿ ಹಾಕಿ ಬಿಲ್ಲುಗಾರರನ್ನು ಇಟ್ಟು, ಅವರು ಮೇಲೆ ಬಿದ್ದಾಗ ಹೊಡೆಯೋಣ ಎಂದು ರೇಮಂಡ್ ಹೇಳಿದ. ಅರಗೋನಿನ ವೀರರು ಹೇಡಿಯ ಮಾತೆಂದು ಹಂಗಿಸಿದರು. ಪೀಟರ್ ಬಯಲಿನಲ್ಲಿ ಸತ್ತ, ತುಲೂಸಿನ ಕಾಲಾಳುಗಳು ಗುಂಪು ಗುಂಪಾಗಿ ಕೊಲೆಯಾದರು.

1215ರ ನವೆಂಬರಿನಲ್ಲಿ ರೋಮಿನ ಲ್ಯಾಟೆರನ್ ಮಹಾಸಭೆ. ಐವತ್ತೊಂಬತ್ತರ ರೇಮಂಡ್ ಹದಿನೆಂಟರ ಮಗನನ್ನು ಕರೆದುಕೊಂಡು ಹೋಗಿ ನಿಂತ. ತುಲೂಸ್ ಸಿಮೋನನಿಗೆ ಎಂದು ತೀರ್ಪಾಯಿತು. ರೇಮಂಡನಿಗೆ ನಾಡಿನ ಹೊರಗೆಲ್ಲಾದರೂ ಇರಲು ವರ್ಷಕ್ಕೆ 400 ಮಾರ್ಕು ಬೆಳ್ಳಿಯ ವರ್ಷಾಶನ. ಮಗನಿಗೆ ರೋನ್ ಆಚೆಯ ಸ್ವಲ್ಪ ನೆಲ, ಅದೂ ನಡತೆ ನೋಡಿಕೊಂಡು. ಮುಂದಿನ ವರ್ಷವೇ ಆ ಹುಡುಗ ಹುಟ್ಟೂರು ಬೊಕೇರಿನಲ್ಲಿ ಸಿಮೋನನನ್ನು ಸೋಲಿಸಿದ. ಸಿಟ್ಟಿಗೆದ್ದ ಸಿಮೋನ್ ತುಲೂಸಿನ ಮೇಲೆ 30,000 ಮಾರ್ಕು ದಂಡ ಹೇರಿದ, ಗೋಡೆಗಳನ್ನು ಕೆಡವಿಸಿದ.

1217ರ ಸೆಪ್ಟೆಂಬರ್ 13. ಬೆಳಗಿನ ದಟ್ಟ ಮಂಜಿನಲ್ಲಿ ಮುದುಕ ರೇಮಂಡ್ ಗಾರೋನ್ ನದಿಯನ್ನು ಬಾಜಾಕ್ಲದ ಹತ್ತಿರ ದಾಟಿ ತನ್ನ ಪಟ್ಟಣದೊಳಕ್ಕೆ ಬಂದ. ಆ ಕಾಲದ ಓಕ್ ನುಡಿಯ ಯುದ್ಧಕಾವ್ಯ ಈ ದೃಶ್ಯವನ್ನು ವಿವರವಾಗಿ ಹೇಳುತ್ತದೆ. ಜನ ಬೀದಿಗೆ ಬಂದು ಅವನ ಬಟ್ಟೆ ಮುಟ್ಟಿ ಅತ್ತರು. ಕೈಗೆ ಸಿಕ್ಕ ದೊಣ್ಣೆ ಹಿಡಿದು ಹೊರಗಿನ ದಂಡಿನವರ ಮೇಲೆ ಬಿದ್ದರು. ಗೋಡೆ ಇರಲಿಲ್ಲವಲ್ಲ? ಸಾಹುಕಾರ, ಬಡವ, ಗಂಡಸು, ಹೆಂಗಸು ಎನ್ನದೆ ಹಗಲು ರಾತ್ರಿ ಮಣ್ಣು ಹೊತ್ತು ಕಂದಕ ತೋಡಿ ಗೋಡೆ ಎಬ್ಬಿಸಿದರು. ಸಿಮೋನ್ ಒಂಬತ್ತು ತಿಂಗಳು ಮುತ್ತಿಗೆ ಹಾಕಿದ. 1218ರ ಜೂನ್ 25ರಂದು ಒಳಗಿನ ಕಲ್ಲೆಸೆಯುವ ಯಂತ್ರದಿಂದ ಬಂದ ಒಂದು ಕಲ್ಲು ಅವನ ತಲೆ ಒಡೆಯಿತು. ಆ ಯಂತ್ರ ನಡೆಸುತ್ತಿದ್ದವರು ಹೆಂಗಸರು, ಹುಡುಗಿಯರು ಎನ್ನುತ್ತದೆ ಅದೇ ಕಾವ್ಯ. ತಾಯಂದಿರು ಇದನ್ನು ಗಮನಿಸಬೇಕು. ಮಾತು ತಪ್ಪಿದ, ಹೆದರಿದ, ದಾರಿ ತೋರಿಸಿದ ಈ ದೊರೆಗಾಗಿ ಇಷ್ಟು ಜನ ಮಣ್ಣು ಹೊತ್ತದ್ದೇಕೆ? ಅವನ ಕೆಳಗೆ ಅವರು ತಮ್ಮ ಮನೆಯಲ್ಲಿ ತಾವಾಗಿ ಇದ್ದರು. ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ನಾಲ್ಕು ವರ್ಷ ಕಳೆದು 1222ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ಅವನು ಡೊರಾಡ್ ಗುಡಿಗೆ ಪ್ರಾರ್ಥನೆಗೆ ಹೋದ. ಬಹಿಷ್ಕೃತನಾದ್ದರಿಂದ ಬಾಗಿಲಾಚೆ ನಿಂತೇ ಪ್ರಾರ್ಥಿಸಿದ. ಅದೇ ದಿನ ಊರಿನ ಒಬ್ಬ ಗೃಹಸ್ಥನ ಮನೆಯಲ್ಲಿ ಕುಸಿದುಬಿದ್ದ, ಮಾತು ನಿಂತಿತು. ಸೇಂಟ್ ಜಾನ್ ಆಸ್ಪತ್ರೆಯ ಪಂಗಡದ ಸಂನ್ಯಾಸಿ ಯೋಧರು ಓಡಿಬಂದು ತಮ್ಮ ಶಿಲುಬೆಯ ಗುರುತಿನ ನಿಲುವಂಗಿಯನ್ನು ಅವನ ಮೇಲೆ ಹೊದಿಸಿದರು. ಮಾತಾಡಲಾರದವನು ಆ ಶಿಲುಬೆಗೆ ಮುತ್ತಿಟ್ಟು ಪ್ರಾಣ ಬಿಟ್ಟ. ಹೆಣವನ್ನು ಅವರು ತಮ್ಮ ತೋಟಕ್ಕೆ ಒಯ್ದರು. ಮಣ್ಣು ಮಾಡಲು ಅಪ್ಪಣೆ ಸಿಗಲಿಲ್ಲ. ಮರದ ಪೆಟ್ಟಿಗೆಯಲ್ಲಿಟ್ಟು ನೆಲದ ಮೇಲೆಯೇ ಬಿಟ್ಟರು.

ಸತ್ತವರನ್ನು ಮಣ್ಣಿಗೆ ಒಪ್ಪಿಸುವ ಜನ ನಾವು. ಆ ಮೂರು ಹಿಡಿ ಮಣ್ಣು ಹಾಕಲು ಎಷ್ಟು ದೂರದಿಂದ ನೆಂಟರು ಬರುತ್ತಾರೆಂಬುದು ನಮಗೆ ಗೊತ್ತು. ಮಗ ಇಪ್ಪತ್ತೈದು ವರ್ಷ ಆ ಅಪ್ಪಣೆಗಾಗಿ ಅಲೆದ. 1247ರಲ್ಲಿ ಪೋಪ್ ಅವರ ಕಡೆಯಿಂದ ವಿಚಾರಣೆ ನಡೆಯಿತು. ಅವನು ಪಶ್ಚಾತ್ತಾಪಪಟ್ಟೇ ಸತ್ತನೆಂದು ನೂರಕ್ಕೂ ಹೆಚ್ಚು ಸಾಕ್ಷಿಗಳು ನುಡಿದರು. ಅಪ್ಪಣೆ ಬರಲಿಲ್ಲ. ಪೆಟ್ಟಿಗೆ ಕೊಳೆತು, ಇಲಿಗಳು ಎಲುಬು ಕಡಿದು, ಹದಿನಾರನೆಯ ಶತಮಾನದ ಹೊತ್ತಿಗೆ ತಲೆಬುರುಡೆ ಒಂದನ್ನು ಮಾತ್ರ ಬಂದವರಿಗೆ ತೋರಿಸುತ್ತಿದ್ದರು.

ಮಗ ಏಳನೆಯ ರೇಮಂಡ್ ತಂದೆಗಿಂತ ಧೈರ್ಯವಂತ, ಆದರೆ ಎದುರಿಗೆ ಈಗ ಫ್ರಾನ್ಸಿನ ರಾಜನೇ ಇದ್ದ. 1229ರ ಏಪ್ರಿಲ್ 12ರಂದು ಪ್ಯಾರಿಸಿನ ನೋತ್ರ್ ದಾಮ್ ಗುಡಿಯಲ್ಲಿ ಅವನೂ ಒಂದೇ ಅಂಗಿಯಲ್ಲಿ, ಬರಿಗಾಲಲ್ಲಿ ನಿಂತು ತಪ್ಪೊಪ್ಪಿಕೊಂಡ. ಗೋಡೆಗಳನ್ನು ಮತ್ತೆ ಕೆಡವಬೇಕು, ತುಲೂಸಿನಲ್ಲಿ ಹೊಸ ವಿದ್ಯಾಪೀಠದ ಗುರುಗಳಿಗೆ 4,000 ಮಾರ್ಕು ಕೊಡಬೇಕು (ಆ ವಿದ್ಯಾಪೀಠ ಕಟ್ಟಿದ್ದೇ ಪಾಷಂಡ ಮತವನ್ನು ಖಂಡಿಸಲು), ಒಂಬತ್ತು ವರ್ಷದ ಒಬ್ಬಳೇ ಮಗಳು ಜೋನಳನ್ನು ರಾಜನ ತಮ್ಮ ಅಲ್ಫೋನ್ಸನಿಗೆ ಕೊಡಬೇಕು. ಅಜ್ಜಿಯ ಹೆಸರಿಟ್ಟುಕೊಂಡ ಆ ಮಗುವನ್ನು ಅಲ್ಲಿಗೆ ಕಳುಹಿಸಿದರು. ಗಂಡು ಸಂತಾನಕ್ಕಾಗಿ ಆತ ಸಾಂಚಾಳನ್ನು ಬಿಟ್ಟು ಮತ್ತೆ ಮತ್ತೆ ಮದುವೆಗೆ ಓಡಾಡಿದ, ಫಲಿಸಲಿಲ್ಲ. ಜೋನ್ ಮತ್ತು ಅಲ್ಫೋನ್ಸ್ 1271ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. ತುಲೂಸ್ ರಾಜನಿಗೆ ಸೇರಿತು.

ತಂದೆ ಮಾಡಲು ಒಪ್ಪದ ಕೆಲಸವನ್ನು ಮಗ ಕಡೆಗೆ ಮಾಡಿದ. 1249ರಲ್ಲಿ ಆಜನ್ ಊರಿನ ಹತ್ತಿರ ಎಂಬತ್ತು ಜನ ಕೆಥಾರರನ್ನು ತಾನೇ ಸುಡಿಸಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜ್ವರ ಬಂದು ಸತ್ತ. ಅವನಿಗೆ ಬಹಿಷ್ಕಾರ ಇರಲಿಲ್ಲ. ಅವನ ಇಚ್ಛೆಯಂತೆ ಹೆಣವನ್ನು ಫೋಂತೆವ್ರೋ ಮಠಕ್ಕೆ ಒಯ್ದು, ಎರಡು ವರ್ಷದವನಿದ್ದಾಗ ಕಳೆದುಕೊಂಡ ತಾಯಿಯ ಸಮಾಧಿಯ ಬಳಿ ಮಣ್ಣು ಮಾಡಿದರು. ತುಲೂಸಿನ ತೋಟದಲ್ಲಿ ತಂದೆಯ ಪೆಟ್ಟಿಗೆ ಆಗಲೂ ನೆಲದ ಮೇಲೆಯೇ ಇತ್ತು.